ಬಾಕ್ಸಿಂಗ್ ಒಂದೇ ಸಾಕೇ?

ಪ್ರಶ್ನೆ: ಎರಡು ವರ್ಷಗಳಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಕೊನೆಯ ಲೋಕಲ್ ರೈಲಿನಲ್ಲಿ ಮರಳುವ ನನಗೆ ಆತ್ಮರಕ್ಷಣೆಗೆ ಇಷ್ಟು ಸಾಕೇ? ಹೊಡೆತ, ಒದೆ, ಕುಸ್ತಿ ಎಲ್ಲಕ್ಕೂ ಅವಕಾಶವಿರುವ ಮಿಶ್ರ ಸಮರಕಲೆಯ (ಎಂಎಂಎ) ಸ್ಪರ್ಧೆಗೂ ಇಳಿಯಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎದುರಾಳಿಯಿಂದ ಅಂತರ ಕಾಯ್ದುಕೊಳ್ಳುವುದು, ಪೆಟ್ಟು ಬಿದ್ದರೂ ಕಣ್ಣು ಮುಚ್ಚದಿರುವುದು, ಇವೆರಡನ್ನು ಬಾಕ್ಸಿಂಗ್‌ನಷ್ಟು ಚೆನ್ನಾಗಿ ಕಲಿಸುವ ವಿದ್ಯೆ ಕಡಿಮೆ. ಆದರೆ ಅಭ್ಯಾಸದಲ್ಲಿ ನಿಮ್ಮ ಕೈಯನ್ನು ಕಾಯುವ ಪಟ್ಟಿಯಾಗಲಿ ಗ್ಲೌಸ್ ಆಗಲಿ ಲೋಕಲ್ ಡಬ್ಬಿಯಲ್ಲಿ ಇರುವುದಿಲ್ಲ. ಬರಿಗೈ ಮುಷ್ಟಿ ಗಟ್ಟಿಯಾದ ಹಣೆಗೆ ತಾಗಿದರೆ ಕಿರುಬೆರಳಿನ ಬುಡದ ಅಂಗೈಮೂಳೆ ಮುರಿಯುವ ಸಂಭವವಿದೆ. ಈ ಮುರಿತಕ್ಕೆ ವೈದ್ಯರು ಇಟ್ಟಿರುವ ಹೆಸರೇ ‘ಬಾಕ್ಸರ್ಸ್ ಫ್ರ್ಯಾಕ್ಚರ್’! ಅಂಗೈಯ ಬುಡದಿಂದ ತಳ್ಳಿ, ಬಾಗಿಲಿನತ್ತ ಸರಿದು, ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುವುದೇ ಜಾಣತನ. ಅಗತ್ಯಕ್ಕಿಂತ ಹೆಚ್ಚು ಹೊಡೆದರೆ ಕಾನೂನಿನ ರಕ್ಷಣೆಯೂ ಸಿಗದು.

ಸ್ಪರ್ಧೆಯ ಮಾತೇ ಬೇರೆ. ಅಲ್ಲಿನ ಗ್ಲೌಸ್ ಸುಮಾರು 4 ಔನ್ಸ್‌ನದು. ಬಾಕ್ಸಿಂಗ್‌ನ ದಪ್ಪ ಗ್ಲೌಸ್‌ನ ಹಿಂದೆ ಮುಖ ಮರೆಮಾಡುವ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ತಲೆ ತಗ್ಗಿಸಿದರೆ ಮೊಣಕಾಲು ಕಾದಿರುತ್ತದೆ, ಮುಂಗಾಲಿಗೆ ಭಾರ ಹಾಕಿದರೆ ಒದೆ. ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಜೇಮ್ಸ್ ಟೋನಿಯವರನ್ನು 2010ರಲ್ಲಿ ಕುಸ್ತಿಯ ಹಿನ್ನೆಲೆಯ ರ‍್ಯಾಂಡಿ ಕುಟೂರ್ ಕಾಲು ಹಿಡಿದು ಕೆಡವಿ, ಮೊದಲ ಸುತ್ತಿನಲ್ಲೇ ತೋಳಿನಿಂದ ಕತ್ತು ಬಿಗಿಯುವ ಪಟ್ಟಿನಿಂದ ಸೋಲೊಪ್ಪಿಸಿದರು. ಆದ್ದರಿಂದ ಮೊದಲು ಒಂದು ವರ್ಷವಾದರೂ ಕುಸ್ತಿ ಕಲಿಯಿರಿ. ಮಹಾರಾಷ್ಟ್ರದಲ್ಲಿ ಅದಕ್ಕೆ ತಾಲೀಮುಗಳ (ಗರಡಿಮನೆಗಳ) ಕೊರತೆಯಂತೂ ಇಲ್ಲ.