ಪಿಎಸ್5ನಲ್ಲಿ ಮೌಸ್ ಮ್ಯಾಕ್ರೋ ಹಾಕುವುದು ಹೇಗೆ?

ಪ್ರಶ್ನೆ: ನನ್ನ ಗೇಮ್ ಕನ್ಸೋಲ್ ಪಿಎಸ್5ಗೆ (ಪ್ಲೇಸ್ಟೇಷನ್ 5) ಕೀಬೋರ್ಡ್, ಮೌಸ್ ಹಾಕಿಕೊಂಡು ಫೋರ್ಟ್‌ನೈಟ್ ಆಡುತ್ತೇನೆ. ಮೌಸ್‌ನ ಪಕ್ಕದ ಬಟನ್‌ಗೆ ಮ್ಯಾಕ್ರೋ ಹಾಕಬೇಕು. ಆದರೆ ಮೌಸ್ ಕಂಪನಿಯ ಸಾಫ್ಟ್‌ವೇರ್ ಕನ್ಸೋಲ್‌ನಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ಮೈಸೂರಿನ ಗೆಳೆಯ ಕ್ರೋನಸ್ ಝೆನ್ ಅಡಾಪ್ಟರ್ ತಗೋ ಅನ್ನುತ್ತಾನೆ. ತಗೊಳ್ಳಲಾ ಸರ್?
– ಕಾಲೇಜು ವಿದ್ಯಾರ್ಥಿ, ಮಂಡ್ಯ

ಉತ್ತರ: ಬೇಡ, ಆ ದುಡ್ಡು ಉಳಿಸಿ. ನಿಮಗೆ ಮ್ಯಾಕ್ರೋನೇ ಬೇಕಾ, ಮೊದಲು ನೋಡಿ. ಪಕ್ಕದ ಬಟನ್ ಒತ್ತಿದರೆ ಆಟದಲ್ಲಿ ಗೋಡೆ ಏಳಬೇಕು, ಅಷ್ಟೇ ಅಲ್ವಾ? ಅದನ್ನು ಫೋರ್ಟ್‌ನೈಟ್‌ನ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು. ಒಂದು ಬಟನ್, ಒಂದು ಕೆಲಸ. ಇದಕ್ಕೆ ಯಾರ ತಕರಾರೂ ಇಲ್ಲ.

ಒಂದು ಸಲ ಒತ್ತಿದರೆ ನಾಲ್ಕಾರು ಕೀ ಸಾಲಾಗಿ ಬೀಳಬೇಕು ಅಂದರೆ ಅದು ಮ್ಯಾಕ್ರೋ. ಅದಕ್ಕೆ ಆನ್‌ಬೋರ್ಡ್ ಮೆಮೊರಿ ಇರುವ, ಅಂದರೆ ಸೆಟ್ಟಿಂಗ್‌ಗಳನ್ನು ತನ್ನೊಳಗೇ ಉಳಿಸಿಕೊಳ್ಳುವ ಮೌಸ್ ಬೇಕು. ಯಾರದಾದರೂ ಲ್ಯಾಪ್‌ಟಾಪ್‌ನಲ್ಲಿ ಆ ಕಂಪನಿಯ ಸಾಫ್ಟ್‌ವೇರ್ ಹಾಕಿ, ಮ್ಯಾಕ್ರೋ ರೆಕಾರ್ಡ್ ಮಾಡಿ, ಮೌಸ್‌ನೊಳಗಿನ ಪ್ರೊಫೈಲ್‌ಗೆ ಸೇವ್ ಮಾಡಿ. ಆಮೇಲೆ ಆ ಸಾಫ್ಟ್‌ವೇರ್ ಇಲ್ಲದ ಬೇರೆ ಕಂಪ್ಯೂಟರ್‌ಗೆ ಮೌಸ್ ಹಾಕಿ, ನೋಟ್‌ಪ್ಯಾಡ್ ತೆರೆದು ಬಟನ್ ಒತ್ತಿ. ಅಕ್ಷರಗಳು ಬಿದ್ದರೆ, ಕೀಬೋರ್ಡ್, ಮೌಸ್ ಬೆಂಬಲಿಸುವ ಆಟಗಳಲ್ಲಿ ಪಿಎಸ್5ನಲ್ಲೂ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಕೆಲವು ಮೌಸ್‌ಗಳ ಮೆಮೊರಿಯಲ್ಲಿ ಬರೀ ಡಿಪಿಐ (ಕರ್ಸರ್ ಎಷ್ಟು ವೇಗವಾಗಿ ಓಡಬೇಕು ಅನ್ನುವ ಸೆಟ್ಟಿಂಗ್) ಉಳಿಯುತ್ತದೆ, ಮ್ಯಾಕ್ರೋ ಉಳಿಯುವುದಿಲ್ಲ. ಈ ಪರೀಕ್ಷೆಯಲ್ಲಿ ಅದು ಗೊತ್ತಾಗಿಬಿಡುತ್ತದೆ.

ಟೈಮಿಂಗ್ ಕಡೆಗೂ ಗಮನ ಕೊಡಿ. ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ (ಪರದೆಯ ಒಂದೊಂದು ಚಿತ್ರವೇ ಫ್ರೇಮ್) ಓಡಿದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಕೀಯನ್ನು 5 ಮಿಲಿಸೆಕೆಂಡ್ ಮಾತ್ರ ಒತ್ತಿ ಬಿಟ್ಟರೆ ಆಟಕ್ಕೆ ಅದು ಕಾಣದೇ ಹೋಗಬಹುದು. ಪ್ರತಿ ಒತ್ತಿಗೂ, ನಡುವಿನ ಬಿಡುವಿಗೂ 30ರಿಂದ 50 ಮಿಲಿಸೆಕೆಂಡ್ ಇಡಿ.

ಮೌಸ್ ಮ್ಯಾಕ್ರೋವನ್ನು ಒಬ್ಬರೇ ಆಡುವ ಆಟಗಳಿಗೆ ಇಟ್ಟುಕೊಳ್ಳಿ. ಫೋರ್ಟ್‌ನೈಟ್‌ನಂಥ ಆನ್‌ಲೈನ್ ಪಂದ್ಯದಲ್ಲಿ ಬೇಡ, ಅಕೌಂಟ್‌ಗೇ ಕುತ್ತು ಬರಬಹುದು. ಫೈನಲ್ ಫ್ಯಾಂಟಸಿ 14 ಆನ್‌ಲೈನ್ ಆಟವೇ ಆದರೂ ಅದರಲ್ಲಿ ಮ್ಯಾಕ್ರೋ ಬರೆಯುವ ಸೌಲಭ್ಯ ಆಟದೊಳಗೇ ಇದೆ, ಒಂದಕ್ಕೆ 15 ಸಾಲಿನವರೆಗೆ. ಆಟ ಕೊಟ್ಟಿರುವ ಆ ಮ್ಯಾಕ್ರೋವನ್ನು ಧಾರಾಳವಾಗಿ ಬಳಸಿ.

ಅಡಾಪ್ಟರ್ ವಿಷಯ ಬೇರೆ. ಅದು ಮೌಸನ್ನು ಕಂಟ್ರೋಲರ್ ಅಂತ ಕನ್ಸೋಲ್‌ಗೆ ನಂಬಿಸುತ್ತದೆ. ಆಗ ನಿಮಗೆ ಮೌಸ್‌ನ ವೇಗವೂ ಸಿಗುತ್ತದೆ, ಕಂಟ್ರೋಲರ್‌ನವರಿಗೆ ಗುರಿ ಇಡಲು ಆಟವೇ ಕೊಡುವ ನೆರವು, ಅಂದರೆ ಏಮ್ ಅಸಿಸ್ಟೂ ಸಿಗುತ್ತದೆ. ಎದುರಿಗೆ ಕಂಟ್ರೋಲರ್ ಹಿಡಿದು ಹೆಬ್ಬೆರಳಲ್ಲಿ ಆಡುವ ಹುಡುಗನಿಗೆ ಇದು ಶುದ್ಧ ಅನ್ಯಾಯ. ರೇನ್‌ಬೋ ಸಿಕ್ಸ್ ಸೀಜ್ ಆಟದಲ್ಲಿ 2023ರಿಂದ ಇಂಥವರನ್ನು ಪತ್ತೆ ಹಚ್ಚಿ, ಅವರ ಕಂಟ್ರೋಲ್‌ಗಳನ್ನೇ ನಿಧಾನ ಮಾಡುವ ವ್ಯವಸ್ಥೆ ಇದೆ. ಕಾಲ್ ಆಫ್ ಡ್ಯೂಟಿಯೂ ಅದೇ ವರ್ಷ ಇಂಥ ಸಾಧನಗಳ ಬೆನ್ನು ಹತ್ತಿತು.

ಹೊಸ ಮೌಸ್ ಕೊಳ್ಳಲು ಮೈಸೂರಿನ ದೇವರಾಜ ಅರಸು ರಸ್ತೆ ಕಡೆ ಹೋದರೆ, ಮ್ಯಾಕ್ರೋ ಮೌಸ್‌ನಲ್ಲೇ ಉಳಿಯುತ್ತಾ ಅಂತ ಕೇಳಿ. ಸಾಧ್ಯವಾದರೆ ಬಿಲ್ ಮಾಡಿಸುವ ಮೊದಲೇ ನೋಟ್‌ಪ್ಯಾಡ್ ಪರೀಕ್ಷೆ ಮಾಡಿ.