ತೂತಿಲ್ಲದ ಬದನೆಕಾಯಿ ಕಂಡರೆ ಹೆದರಬೇಕಾ?

ಪ್ರಶ್ನೆ: ಸಂತೆಯಲ್ಲಿ ಈಗ ಸಿಗುವ ಬದನೆಕಾಯಿ ಒರೆಸಿಟ್ಟ ಹಾಗೆ ಹೊಳೆಯುತ್ತದೆ. ಒಂದು ತೂತೂ ಇರುವುದಿಲ್ಲ. ಇದು ಬಿಟಿ ಬದನೆಯೇ ಎಂದು ನಮ್ಮ ಅತ್ತೆ ಎಣ್ಣೆಗಾಯಿ ಮಾಡುವುದನ್ನೇ ನಿಲ್ಲಿಸಿದ್ದಾರೆ. ಕುಲಾಂತರಿ ತರಕಾರಿ ನಮ್ಮ ಅಡುಗೆಮನೆಗೆ ಬಂದುಬಿಟ್ಟಿದೆಯಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅತ್ತೆಯವರಿಗೆ ಹೇಳಿ, ಎಣ್ಣೆಗಾಯಿ ಮಾಡಲಿ. ಬಿಟಿ ಬದನೆ ಅಂದರೆ ಹುಳ ಸಾಯಲೆಂದು ಬೇರೆ ಜೀವಿಯ ಜೀನ್ ಸೇರಿಸಿದ ಬದನೆ, ಹೀಗೆ ಮಾಡಿದ ತಳಿಯೇ ಕುಲಾಂತರಿ. ನಮ್ಮ ದೇಶದಲ್ಲಿ ಅದನ್ನು ಬೆಳೆದು ಮಾರಲು ಒಪ್ಪಿಗೆ ಇಲ್ಲ. ಕದ್ದು ಬೆಳೆದವರಿಲ್ಲ ಎನ್ನಲಾರೆ. 2019ರಲ್ಲಿ ಹರಿಯಾಣದ ಫತೇಹಾಬಾದ್‌ನಲ್ಲಿ ಸಿಕ್ಕಿತ್ತು, ಆ ಗಿಡಗಳನ್ನು ನಾಶ ಮಾಡಿದರು. ಆದರೆ ತೂತಿಲ್ಲ ಅಂದ ಮಾತ್ರಕ್ಕೆ ಬಿಟಿ ಅಲ್ಲ. ಕಾಯಿಕೊರಕ ಹುಳಕ್ಕೆ ರೈತರು ಪದೇ ಪದೇ ಔಷಧಿ ಹೊಡೆಯುತ್ತಾರೆ. ಹೊಳಪಿನ ಕಾಯಿ ಕಂಡಾಗ ನನಗೆ ಮೊದಲು ಬರುವ ಅನುಮಾನ ಅದೇ. ಉಪ್ಪುನೀರಲ್ಲಿ ಚೆನ್ನಾಗಿ ತೊಳೆಯಿರಿ. ಒಂದೆರಡು ತೂತಿರುವ ಕಾಯನ್ನು ನಾನಂತೂ ಬಿಡುವುದಿಲ್ಲ, ಹುಳ ತಿಂದ ಕಡೆ ಕತ್ತರಿಸಿ ಎಸೆದರಾಯಿತು.

ನಿಮ್ಮ ಅತ್ತೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ನನ್ನ ತವರು ಉಡುಪಿಯ ಕಟಪಾಡಿ ಹತ್ತಿರ. ಮಟ್ಟು ಗುಳ್ಳ ಬೆಳೆಯುವ ಊರು ಅಲ್ಲೇ ಪಕ್ಕ. ತಿಳಿ ಹಸಿರು ಬಣ್ಣದ ಉರುಟು ಬದನೆ, ತೊಟ್ಟಿನಲ್ಲಿ ಮುಳ್ಳು. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೋ ಎಂಬ ಬೀಜದ ಕಂಪನಿ ಜೊತೆ ಸೇರಿ ಬಿಟಿ ಜೀನ್ ಹಾಕಲು ಆರಿಸಿದ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಮಲಾಪುರ, ಕುಡಚಿಯ ನಾಟಿ ಬದನೆಗಳೂ ಇದ್ದವು. "ನಮ್ಮ ಗುಳ್ಳಕ್ಕೂ ಏನೋ ಸೇರಿಸ್ತಾರಂತೆ ಮಾರಾಯ್ತಿ" ಎಂದು ಅಮ್ಮ ಫೋನಿನಲ್ಲಿ ಗೋಳಾಡಿದ್ದು ನೆನಪಿದೆ.

ಸೇರಿಸುವುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನ್. ಅದರಿಂದ ಗಿಡದಲ್ಲೇ ಒಂದು ಪ್ರೋಟೀನ್ ತಯಾರಾಗುತ್ತದೆ. ಕಾಯಿ ಕೊರೆಯಲು ಬಂದ ಹುಳ ಅದನ್ನು ತಿಂದು ಸಾಯುತ್ತದೆ. ಔಷಧಿ ಹೊಡೆಯುವುದು ಕಡಿಮೆಯಾಗುತ್ತದೆ ಎಂಬುದು ಅದರ ಪರವಾಗಿದ್ದವರ ವಾದ. ಅದನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಬಾಂಗ್ಲಾದೇಶದ ರೈತರು 2014ರಿಂದ ಬೆಳೆಯುತ್ತಿದ್ದಾರೆ.

ನಮ್ಮಲ್ಲಿ 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಹೂಂ ಅಂದಿತು. ಗಲಾಟೆ ಜೋರಾಯಿತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಜನರ ಮಾತು ಕೇಳಿದರು. ಕೊನೆಯದು ಬೆಂಗಳೂರಿನಲ್ಲಿ. ಮೂರೇ ದಿನಕ್ಕೆ, 2010ರ ಫೆಬ್ರುವರಿ 9ರಂದು, ತಡೆ ಹಾಕಿದರು. ಅದು ಇನ್ನೂ ಇದೆ. ಆಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಬಿಸ್ಕತ್ತಿಗೆ ಪೊಟ್ಟಣ ಇರುತ್ತದೆ, ಚೀಟಿ ಅಂಟಿಸಬಹುದು. ಗಾಡಿಯ ಮೇಲೆ ರಾಶಿ ಹಾಕಿದ ಬದನೆಯಲ್ಲಿ ಯಾವುದು ಯಾವುದೆಂದು ಗಾಡಿಯವನೇ ಹೇಳಲಾರ. ಬೇಡ ಎನ್ನುವವರು ಹೇಗೆ ಬೇಡ ಎನ್ನಬೇಕು?

ಕುಲಾಂತರಿ ಅಡುಗೆಮನೆಗೆ ಬಂದಿದೆಯಾ ಎಂದು ಕೇಳಿದಿರಲ್ಲ, ಅದಕ್ಕೆ ಎಣ್ಣೆ ವಿಷಯ ಹೇಳಬೇಕು. ಬದನೆ ತಡೆದೆವು ಎಂದು ನಾವೆಲ್ಲ ಖುಷಿಪಟ್ಟೆವು. ಬಿಟಿ ಹತ್ತಿ ಮಾತ್ರ 2002ರಲ್ಲೇ ಬಂದಿತ್ತು. ಈಗ ದೇಶದ ಹತ್ತಿ ಹೊಲದಲ್ಲಿ ಶೇ 90ಕ್ಕಿಂತ ಜಾಸ್ತಿ ಅದೇ. ಹತ್ತಿ ಬಟ್ಟೆಗೆ ತಾನೆ ಅಂದುಕೊಳ್ಳುತ್ತೇವೆ. ಹತ್ತಿಕಾಳಿನಿಂದ ಎಣ್ಣೆ ತೆಗೆಯುತ್ತಾರೆ, ಗುಜರಾತಿನಲ್ಲಿ ಕುರುಕಲು ತಿಂಡಿ ಕರಿಯಲು ಅದಕ್ಕೆ ಬಲು ಬೇಡಿಕೆ. ಉಳಿದ ಹಿಂಡಿ ಎಮ್ಮೆಗೆ. ನಿಮ್ಮ ಕಡೆಯವರಿಗೆ ನಾನು ಹೇಳಬೇಕಾ! ಹೊರದೇಶದ ಕುಲಾಂತರಿ ಸೋಯಾದ ಎಣ್ಣೆ ತರಿಸಲು 2007ರಲ್ಲೇ ಒಪ್ಪಿಗೆ ಸಿಕ್ಕಿದೆ. 2021ರಲ್ಲಿ ಕೋಳಿ ಆಹಾರಕ್ಕೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಸರ್ಕಾರ ಅನುಮತಿ ಕೊಟ್ಟಿತು.

ಹೆದರಿಸಲು ಹೇಳುತ್ತಿಲ್ಲ. ರಿಫೈನ್ ಮಾಡಿದ ಎಣ್ಣೆಯಲ್ಲಿ ಆ ಪ್ರೋಟೀನ್ ಉಳಿಯುವುದಿಲ್ಲ ಎನ್ನಬಹುದು. ಸರಿ, ಹಾಗಿದ್ದರೆ ಬರೆಯಲು ಯಾಕೆ ಹಿಂಜರಿಕೆ? ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ 'ಜಿಎಂ' ಎಂದು ಇರಬೇಕೆಂಬ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂತು. ಈ ಉತ್ತರ ಬರೆಯುವ ಮೊದಲು ನಮ್ಮ ಬೀದಿಯ ಅಂಗಡಿಗೆ ಹೋಗಿ ಎಣ್ಣೆ ಪ್ಯಾಕೆಟ್‌ಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎರಡಕ್ಷರ ಎಲ್ಲೂ ಸಿಗಲಿಲ್ಲ. "ಏನಮ್ಮಾ, ಎಕ್ಸ್‌ಪೈರಿ ಡೇಟಾ?" ಎಂದು ಅಂಗಡಿಯವರು ಕೇಳಿದರು.

ನಿಮ್ಮೂರಲ್ಲಿ ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಸಿಗುತ್ತದಲ್ವಾ? ಅವುಗಳ ಕುಲಾಂತರಿ ತಳಿ ಬೆಳೆಯಲು ನಮ್ಮಲ್ಲಿ ಒಪ್ಪಿಗೆ ಇಲ್ಲ. ಎಣ್ಣೆಗಾಯಿಗೆ ರುಚಿಯೂ ಅದರದ್ದೇ.

ಪ್ರಶ್ನೆ: ಬೀಜವಿಲ್ಲದ ದ್ರಾಕ್ಷಿ, ಹೈಬ್ರಿಡ್ ಟೊಮೆಟೊ ಕೂಡ ಕುಲಾಂತರಿಯೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಅಲ್ಲ. ಎರಡು ಟೊಮೆಟೊ ತಳಿಗಳ ಹೂವಿಗೆ ಪರಾಗ ಸೇರಿಸಿ ಪಡೆದದ್ದು ಹೈಬ್ರಿಡ್. ಬೇರೆ ಜೀವಿಯ ಜೀನ್ ಅದರಲ್ಲಿಲ್ಲ. ಬೀಜವಿಲ್ಲದ ದ್ರಾಕ್ಷಿ ತಾನಾಗಿ ಆದ ಬದಲಾವಣೆ, ಬಳ್ಳಿಯ ಕಡ್ಡಿ ನೆಟ್ಟು ಬೆಳೆಸುತ್ತಾರೆ. ದ್ರಾಕ್ಷಿಯ ಊರಿನವರೇ ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಾ?