ಉಂಡೆ ಬೇಯುವಾಗ ಮುಚ್ಚಳ ಮುಟ್ಟಬೇಡಿ

ಹಿಂದಿನ ಸಂಚಿಕೆಯಲ್ಲಿ ಮಾಟ್ಸೊ ಬಾಲ್ ಸೂಪ್ ಬಗ್ಗೆ ಮಾತಿನ ನಡುವೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳನ್ನು ನೋಡಿದರೆ ಈ ಸಲ ಬೇರೆ ಅಡುಗೆಗೆ ಜಾಗವೇ ಇಲ್ಲ.

ಪ್ರಶ್ನೆ: ಮೇಡಂ, ನಾಲ್ಕು ದಿನದಿಂದ ನೆಗಡಿ. ಬಿಸಿಬಿಸಿಯಾಗಿ ಏನಾದರೂ ಬೇಕು ಅನ್ನಿಸುತ್ತಿದೆ. ಈ ಮಾಟ್ಸೊ ಅಂದರೆ ಏನು? ನನಗೆ ಅಡುಗೆ ಅಷ್ಟಕ್ಕಷ್ಟೆ, ಮಾಡೋಕೆ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. ಮೊಟ್ಟೆ ಒಡೆದು ಕಲಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮಾಟ್ಸೊ ಅಂದರೆ ಯಹೂದಿಗಳು ಪಾಸೋವರ್ ಹಬ್ಬದಲ್ಲಿ ತಿನ್ನುವ, ಹುಳಿ ಬರಿಸದ, ತೆಳ್ಳಗೆ ಗರಿಗರಿಯಾದ ರೊಟ್ಟಿ. ಗೋಧಿ ಹಿಟ್ಟು ಮತ್ತು ನೀರು, ಅಷ್ಟೇ. ಹಿಟ್ಟಿಗೆ ನೀರು ಬಿದ್ದ ಮೇಲೆ 18 ನಿಮಿಷದೊಳಗೆ ಬೆಂದು ಈಚೆ ಬರಬೇಕು ಅನ್ನುವುದು ನಿಯಮ. ತಡವಾದರೆ ಹಿಟ್ಟು ಹುಳಿಯಲು ಶುರುವಾಯಿತು ಅಂತ ಲೆಕ್ಕ. ಆ ರೊಟ್ಟಿಯನ್ನು ಪುಡಿ ಮಾಡಿ, ಮೊಟ್ಟೆ ಸೇರಿಸಿ, ಉಂಡೆ ಕಟ್ಟಿ ಬೇಯಿಸಿ ಕೋಳಿ ಸೂಪಿಗೆ ಹಾಕುವುದು ಪೂರ್ವ ಯುರೋಪಿನ ಯಹೂದಿ ಮನೆಗಳ ಅಡುಗೆ. ಯಿಡ್ಡಿಷ್ ಭಾಷೆಯಲ್ಲಿ ಈ ಉಂಡೆಗೆ ಕ್ನೈಡ್ಲಾಖ್ ಅನ್ನುತ್ತಾರೆ. ಅಲ್ಲಿಂದ ವಲಸೆ ಹೋದವರ ಜೊತೆ ಅಮೆರಿಕಕ್ಕೆ ಹೋಯಿತು, ಈಗ ಹಬ್ಬ ಇರಲಿ ಬಿಡಲಿ, ಮೈ ಸರಿಯಿಲ್ಲದಿದ್ದರೂ ಮನಸ್ಸು ಸರಿಯಿಲ್ಲದಿದ್ದರೂ ಇದನ್ನೇ ಮಾಡಿಕೊಳ್ಳುತ್ತಾರೆ.

ಮೊದಲು ಸೂಪು. ಸುಮಾರು ಒಂದೂವರೆ ಕಿಲೋ ಕೋಳಿಯನ್ನು ಮೂಳೆ ಸಮೇತ 3 ಲೀಟರ್ ತಣ್ಣೀರಿನಲ್ಲಿ ಇಡಿ. ಕುದಿ ಬರುವಾಗ ಬೂದು ಬಣ್ಣದ ನೊರೆ ಮೇಲೇಳುತ್ತದೆ, ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲಿ. ಆಮೇಲೆ ಎರಡು ಈರುಳ್ಳಿ, ಮೂರು ಕ್ಯಾರೆಟ್, ಎರಡು ದಂಟು ಸೆಲರಿ, ಸ್ವಲ್ಪ ಕಾಳುಮೆಣಸು, ಉಪ್ಪು. ಈರುಳ್ಳಿಯನ್ನು ತೊಳೆದು ಸಿಪ್ಪೆ ಸಮೇತ ಹಾಕಿದರೆ ಸೂಪಿಗೆ ಒಳ್ಳೆ ಹೊಂಬಣ್ಣ ಬರುತ್ತದೆ. ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಟ್ಟು ಸೋಸಿ, ಕೊನೆಗೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆ ಬೇಡ ಅನ್ನುವವರೂ ಇದ್ದಾರೆ, ನನಗೆ ಅದಿಲ್ಲದೆ ಈ ಸೂಪೇ ಅಲ್ಲ.

ಉಂಡೆಗೆ ನಾಲ್ಕು ಮೊಟ್ಟೆ, ಒಂದು ಕಪ್ ಮಾಟ್ಸೊ ಪುಡಿ, ನಾಲ್ಕು ದೊಡ್ಡ ಚಮಚ ಎಣ್ಣೆ ಅಥವಾ ಕೋಳಿ ಕೊಬ್ಬು, ನಾಲ್ಕು ದೊಡ್ಡ ಚಮಚ ಸೂಪು, ಒಂದು ಚಿಕ್ಕ ಚಮಚ ಉಪ್ಪು. ಪುಡಿ ಸಿಗದೆ ಮಾಟ್ಸೊ ರೊಟ್ಟಿ ಸಿಕ್ಕರೆ ಮಿಕ್ಸಿಗೆ ಹಾಕಿ. ಎಲ್ಲವನ್ನೂ ಫೋರ್ಕಿನಲ್ಲಿ ಕಲಸಿದಾಗ ನೀರುನೀರಾಗಿ, ಇದರಲ್ಲಿ ಉಂಡೆ ಹೇಗಪ್ಪಾ ಕಟ್ಟೋದು ಅನ್ನುವ ಹಾಗಿರುತ್ತದೆ. ಗಾಬರಿಯಾಗಿ ಪುಡಿ ಸುರಿಯಬೇಡಿ. ಮುಚ್ಚಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಪುಡಿ ತಾನೇ ನೀರು ಹೀರಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಕೈ ಒದ್ದೆ ಮಾಡಿಕೊಂಡು ಸುಮಾರು ಒಂದು ಇಂಚಿನ ಉಂಡೆ ಮಾಡಿ. ಚಿಕ್ಕದಾಯಿತು ಅನ್ನಿಸಿದರೂ ಸರಿ, ಬೆಂದ ಮೇಲೆ ಹೆಚ್ಚು ಕಡಿಮೆ ಎರಡರಷ್ಟು ಊದುತ್ತವೆ. ಅಗಲವಾದ ಪಾತ್ರೆಯಲ್ಲಿ ಉಪ್ಪು ನೀರು ಕುದಿಸಿ, ಉಂಡೆಗಳನ್ನು ಒಂದೊಂದಾಗಿ ಬಿಟ್ಟು, ಉರಿ ಸಣ್ಣ ಮಾಡಿ, ಮುಚ್ಚಿ. 30ರಿಂದ 40 ನಿಮಿಷ.

ಪ್ರಶ್ನೆ: ನಾನೂ ಮಾಡಿದ್ದೆ. ಉಂಡೆ ಕಲ್ಲಿನ ಹಾಗೆ ಆಯಿತು, ಚಮಚದಲ್ಲಿ ಒತ್ತಿದರೆ ಬಟ್ಟಲಿನಿಂದ ಹಾರಿ ಹೋಯಿತು. ಎಲ್ಲಿ ತಪ್ಪಿತು?

ಉತ್ತರ: ನಿಮ್ಮ ಉಂಡೆ ಬಟ್ಟಲಿನಿಂದ ಮಾತ್ರ ಹಾರಿತು. ನನ್ನದು ಅತಿಥಿಯ ಅಂಗಿಯ ಮೇಲೆ ಬಿದ್ದಿತ್ತು. ಕಾರಣ ಮೂರರಲ್ಲಿ ಒಂದು. ಪುಡಿ ಜಾಸ್ತಿ ಹಾಕಿರುತ್ತೀರಿ, ಇಲ್ಲ ಉಂಡೆಯನ್ನು ಒತ್ತಿ ಒತ್ತಿ ಕಟ್ಟಿರುತ್ತೀರಿ, ಇಲ್ಲ ಪದೇಪದೇ ಮುಚ್ಚಳ ತೆಗೆದು ನೋಡಿರುತ್ತೀರಿ. ನನ್ನ ತಪ್ಪು ಮೂರನೆಯದು. ಬೆಂತಾ ಬೆಂತಾ ಅಂತ ನಾಲ್ಕು ಸಲ ತೆಗೆದಿದ್ದೆ, ಪ್ರತಿ ಸಲವೂ ಆವಿ ಹೋಗಿ ನೀರಿನ ಕುದಿ ನಿಂತಿತು. ಕೊನೆಗೆ ಕತ್ತರಿಸಿ ನೋಡಿದರೆ ಸುತ್ತ ಸ್ಪಂಜಿನ ಹಾಗೆ ತೂತು ತೂತು, ನಡುವೆ ಮಾತ್ರ ಗಾಢ ಹಳದಿ ಬಣ್ಣದ ಒಂದು ಗಟ್ಟಿ ಗೋಲಿ. ಆ ಗೋಲಿ ಕಂಡರೆ ಬೆಂದಿಲ್ಲ ಅಂತಲೇ ಅರ್ಥ, ಇನ್ನೊಂದು ಹತ್ತು ನಿಮಿಷ ಬಿಡಿ. ಒಳಗೂ ಹೊರಗೂ ಒಂದೇ ಬಣ್ಣ ಇರಬೇಕು.

ಅಂದ ಹಾಗೆ, ಗಟ್ಟಿ ಉಂಡೆ ಎಲ್ಲರಿಗೂ ತಪ್ಪಲ್ಲ. ತೇಲುವ ಉಂಡೆಯೇ ಚಂದ ಅನ್ನುವವರು ಒಂದು ಕಡೆ, ಮುಳುಗುವ ಉಂಡೆಯೇ ಅಜ್ಜಿಯ ರುಚಿ ಅನ್ನುವವರು ಇನ್ನೊಂದು ಕಡೆ, ಯಹೂದಿ ಮನೆಗಳಲ್ಲಿ ಇದು ಮುಗಿಯದ ಜಗಳ. ಹಗುರ ಬೇಕಾದರೆ ಕಲಸುವಾಗ ಸೂಪಿನ ಬದಲು ಸೋಡಾ ನೀರು ಹಾಕುತ್ತಾರೆ. ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕುವವರೂ ಇದ್ದಾರೆ.

ಪ್ರಶ್ನೆ: ಯಹೂದಿ ಗೆಳತಿಗೆ ಪಾಸೋವರ್ ಹಬ್ಬಕ್ಕೆ ಮಾಡಿಕೊಡಬೇಕು ಅಂತ ಆಸೆ. ಎಣ್ಣೆ ಬದಲು ಬೆಣ್ಣೆ ಹಾಕಿದರೆ ರುಚಿ ಹೆಚ್ಚಲ್ವಾ?

ಉತ್ತರ: ಕೋಳಿ ಸೂಪಿಗೆ ಬೆಣ್ಣೆ ಬೇಡವೇ ಬೇಡ! ಕೋಷರ್ ಅಂದರೆ ಯಹೂದಿಗಳ ಆಹಾರ ನಿಯಮ, ಅದರಲ್ಲಿ ಮಾಂಸದ ಜೊತೆ ಹಾಲಿನ ಯಾವ ಪದಾರ್ಥವೂ ಸೇರುವಂತಿಲ್ಲ. ಅದಕ್ಕೇ ಇವರ ಅಡುಗೆಯಲ್ಲಿ ಬೆಣ್ಣೆಯ ಜಾಗದಲ್ಲಿ ಕೋಳಿ ಕೊಬ್ಬು ಇರುವುದು. ಅದರ ಹೆಸರು ಶ್ಮಾಲ್ಟ್ಸ್. ಅಂಗಡಿಯಲ್ಲಿ ಹುಡುಕಬೇಡಿ, ಸೂಪನ್ನು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಹಳದಿ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಚಮಚದಲ್ಲಿ ಎತ್ತಿ ಉಂಡೆಗೆ ಹಾಕಿ. ಎಣ್ಣೆ ಹಾಕಿದ ಉಂಡೆಯೂ ಚೆನ್ನಾಗಿಯೇ ಇರುತ್ತದೆ, ಆದರೆ ಇದರ ಘಮವೇ ಬೇರೆ.

ಹಬ್ಬಕ್ಕೆ ಅಂದಿರಿ, ಹಾಗಾಗಿ ಇನ್ನೊಂದು ಮಾತು. ಕೋಳಿಯೂ ಕೋಷರ್ ಆಗಿರಬೇಕು, ಮಾಟ್ಸೊ ಡಬ್ಬಿಯ ಮೇಲೆ ಪಾಸೋವರ್‌ಗೆ ಆಗುತ್ತದೆ ಅಂತ ಬರೆದಿರಬೇಕು, ಎಲ್ಲ ಮಾಟ್ಸೊ ಹಬ್ಬಕ್ಕೆ ನಡೆಯುವುದಿಲ್ಲ. ಇಷ್ಟಾದರೂ ಹಸಿದಿಕ್ ಅನ್ನುವ ಕಟ್ಟಾ ಸಂಪ್ರದಾಯಸ್ಥ ಯಹೂದಿ ಪಂಗಡದ ಕೆಲವು ಮನೆಗಳಲ್ಲಿ ಹಬ್ಬದ ದಿನಗಳಲ್ಲಿ ಮಾಟ್ಸೊಗೆ ನೀರು ತಾಗಿಸುವುದೇ ಇಲ್ಲ, ಇಸ್ರೇಲಿನ ಹೊರಗೆ ಹಬ್ಬದ ಕೊನೆಯ ದಿನವಾದ ಎಂಟನೇ ದಿನ ಮಾತ್ರ ಈ ಉಂಡೆ ತಿನ್ನುತ್ತಾರೆ. ನಿಮ್ಮ ಪಾತ್ರೆಯಲ್ಲಿ ಮಾಡಿದ್ದು ಅವರಿಗೆ ಆಗುತ್ತದೋ ಇಲ್ಲವೋ ಅದೂ ಇದೆ. ಸುಮ್ನೆ ಗೆಳತಿಯನ್ನೇ ಕೇಳಿ. ಆಗದಿದ್ದರೆ ಅವರ ಅಡುಗೆಮನೆಯಲ್ಲೇ ಇಬ್ಬರೂ ಸೇರಿ ಮಾಡಿ.

ಪ್ರಶ್ನೆ: ನೆಗಡಿಗೆ ಇದು ಔಷಧಿ ಅನ್ನುತ್ತಾರಲ್ಲ, ನಿಜವಾ?

ಉತ್ತರ: ಅಮೆರಿಕದಲ್ಲಿ ಇದಕ್ಕೆ ಯಹೂದಿಗಳ ಪೆನಿಸಿಲಿನ್ ಅನ್ನುವ ಅಡ್ಡಹೆಸರೇ ಇದೆ. 12ನೇ ಶತಮಾನದ ವೈದ್ಯ ಮೈಮೊನಿಡೀಸ್ ಕೂಡ ಕಾಯಿಲೆಯವರಿಗೆ ಕೋಳಿ ಸೂಪು ಕುಡಿಯಲು ಹೇಳಿದ್ದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಡಾ. ಸ್ಟೀಫನ್ ರೆನಾರ್ಡ್ ತಮ್ಮ ಹೆಂಡತಿಯ ಅಜ್ಜಿಯ ಸೂಪನ್ನೇ ಲ್ಯಾಬಿನಲ್ಲಿ ಪರೀಕ್ಷೆಗೆ ಇಟ್ಟರು. ಉರಿಯೂತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟವನ್ನು ಅದು ತಗ್ಗಿಸಿತು ಅಂತ 2000ದಲ್ಲಿ ಪ್ರಕಟಿಸಿದರು. ಆದರೆ ಅದು ನಡೆದದ್ದು ಲ್ಯಾಬಿನಲ್ಲಿ, ನೆಗಡಿಯಾದವರ ಮೇಲೆ ಅಲ್ಲ. ಬಿಸಿ ಸೂಪು ಕಟ್ಟಿದ ಮೂಗನ್ನು ಸ್ವಲ್ಪ ಹೊತ್ತು ಸಡಿಲ ಮಾಡುತ್ತದೆ, ಗಂಟಲಿಗೆ ಹಿತ, ನೀರೂ ಉಪ್ಪೂ ಒಳಗೆ ಹೋಗುತ್ತದೆ. ನನಗೆ ಅಷ್ಟು ಸಾಕು. ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಾಂಸ ತಿನ್ನದವರು ಏನು ಮಾಡಬೇಕು?

ಉತ್ತರ: ಅದೇ ತರಕಾರಿ, ಜೊತೆಗೆ ಅಣಬೆ. ಅಣಬೆಯನ್ನೂ ಈರುಳ್ಳಿಯನ್ನೂ ಮೊದಲು ಕೆಂಪಗೆ ಹುರಿದು ಆಮೇಲೆ ನೀರು ಹಾಕಿ. ಉಂಡೆಗೆ ಎಣ್ಣೆ. ಮೊಟ್ಟೆಯೂ ಬೇಡ ಅಂದರೆ ಈ ಅಳತೆಯಲ್ಲಿ ಆಗುವುದಿಲ್ಲ, ಉಂಡೆ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ರಾತ್ರಿ ಉಳಿದಿದ್ದನ್ನು ಹಾಗೇ ಒಟ್ಟಿಗೆ ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಸೂಪೇ ಇಲ್ಲ!

ಉತ್ತರ: ಉಂಡೆಗಳು ಕುಡಿದುಬಿಟ್ಟಿವೆ. ಮುಂದಿನ ಸಲ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ, ಮೂರು ದಿನ ಧಾರಾಳವಾಗಿ ಇರುತ್ತದೆ. ಉಂಡೆಯನ್ನು ನೀರಿನಲ್ಲಿ ಬೇರೆ ಬೇಯಿಸಲು ಹೇಳಿದ್ದಕ್ಕೂ ಇದೇ ಕಾರಣ, ಇಲ್ಲದಿದ್ದರೆ ಸೂಪು ಕಲಕಿ ಬಿಳಿಚಿಕೊಳ್ಳುತ್ತದೆ. ಬಡಿಸುವ ಹತ್ತು ನಿಮಿಷ ಮುಂಚೆ ಬಿಸಿ ಸೂಪಿಗೆ ಬಿಟ್ಟರೆ ಸಾಕು. ಸದ್ಯಕ್ಕೆ ಆ ಊದಿದ ಉಂಡೆಗಳನ್ನು ಎಸೆಯಬೇಡಿ, ಹೋಳು ಮಾಡಿ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿದು ತಿನ್ನಿ.